ಲಚ್ಚಣ್ಣನ ‘ಆಮೇಲೆ?’

ಇದನ್ನು ಹೇಳುವುದನ್ನು ಬಹಳ ದಿನದಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ. ಕಾಫಿ ಕುಯ್ಲು ಮುಗಿಯಲಿ ಎಂದುಕೊಂಡೆ. ಅದು ಮುಗಿದ ಮೇಲೆ ಮೆಣಸಿನ ಕುಯ್ಲು ಮುಗಿಯಲಿ ಎಂದುಕೊಂಡೆ. ಮೆಣಸು ಒಣಗಿ ಚೀಲ ಸೇರಿದ ಮೇಲೆ ಹೂಮಳೆ ಬರಲಿ ಎಂದೆ. ಹೂಮಳೆಯೂ ಬಂದು, ತೋಟವೆಲ್ಲ ಬೆಳ್ಳಗಾಗಿ, ಆ ಬಿಳುಪು ಕಂದಿ ಉದುರಿಯೂ ಹೋಯಿತು. ಇನ್ನು ನೆಪ ಉಳಿದಿಲ್ಲ.

ಲಚ್ಚಣ್ಣ ಎಂದ ತಕ್ಷಣ ನನ್ನ ಕಣ್ಣ ಮುಂದೆ ಬರುವುದು ಅವನು ಫೋನಿನಲ್ಲಿ ಚಿತ್ರ ನೋಡುತ್ತಿದ್ದ ರೀತಿ. ಬೇರೆಯವರು ಚಿತ್ರ ಬಂದರೆ ಕನ್ನಡಕ ಹಾಕಿಕೊಳ್ಳುತ್ತಾರೆ. ಅವನು ಕನ್ನಡಕ ತೆಗೆದು ಜೇಬಿಗೆ ಹಾಕುತ್ತಿದ್ದ. ಕೈ ನೀಳ ಮಾಡಿ ಫೋನು ಹಿಡಿದು ಅಡ್ಡ ತಿರುಗಿಸುತ್ತಿದ್ದ. ಅವನು ತಿರುಗಿಸಿದ ಹಾಗೆ ಚಿತ್ರವೂ ತಿರುಗಿ ಮತ್ತೆ ನೆಟ್ಟಗೆ ನಿಲ್ಲುತ್ತಿತ್ತು. "ನಿಂತ್ಕೊ ಮಾರಾಯ, ಎಲ್ಲಿಗೆ ಓಡ್ತೀ" ಎಂದು ಅದಕ್ಕೆ ಬೈದು, ಕೊನೆಗೆ ತನ್ನ ಕತ್ತನ್ನೇ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಕಾಗೆ ನೋಡಿದ ಹಾಗೆ ನೋಡುತ್ತಿದ್ದ. ಬೇಸಿಗೆಯಲ್ಲೂ ತಲೆ ಮೇಲೆ ಕಂದು ಬಣ್ಣದ ಉಲ್ಲನ್ ಟೋಪಿ. ಇಷ್ಟೆಲ್ಲ ಆಟ ಆದ ಮೇಲೆ ಒಂದೇ ಬೆರಳಿನಲ್ಲಿ ಉತ್ತರ ಕುಟ್ಟುತ್ತಿದ್ದ. ಉತ್ತರ ಸರಿಯಾಗಿರುತ್ತಿತ್ತು. ನನಗೆ ಹೊಟ್ಟೆಯೊಳಗೆ ಬೆಂಕಿ ಬೀಳುತ್ತಿತ್ತು.

ಕಾಗದ ಪತ್ರದಲ್ಲಿ ಅವನು ಲಕ್ಷ್ಮಣಗೌಡ. ಮೂಡಿಗೆರೆ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ತೋಟಕ್ಕೆ ಇಳಿದೆ. ಅವನು ಕುದುರೆಮುಖದ ಟೌನ್‌ಶಿಪ್ಪಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲಿ ಗಣಿ ನಿಂತ ಮೇಲೆ ಕಳಸದ ಕಡೆ ಇದ್ದ ತಮ್ಮ ತೋಟಕ್ಕೆ ವಾಪಸ್ಸು ಬಂದ. ಟೋಪಿ ಕುದುರೆಮುಖದ ಚಳಿಯದು. ಪ್ರತಿ ಗುರುವಾರ ಬ್ಯಾಂಕು, ಅಂಗಡಿ ಎಂದು ಮೂಡಿಗೆರೆಗೆ ಬಂದವನು ನಮ್ಮ ಮನೆಯಲ್ಲಿ ಕಾಫಿ ಕುಡಿಯದೆ ಹಿಂದಿರುಗುತ್ತಿರಲಿಲ್ಲ. ಅವನು ಮಾತಾಡುವವನಲ್ಲ. ಯಾರು ಏನೇ ಹೇಳಲಿ, ಗಲ್ಲ ಮೇಲಕ್ಕೆತ್ತಿ, "ಆಮೇಲೆ?" ಎನ್ನುತ್ತಿದ್ದ. ಕೂಲಿ ಹೆಂಗಸು ಮಗುವಿನ ಜ್ವರದ ಸುದ್ದಿ ಹೇಳಿದರೂ "ಆಮೇಲೆ?", ಬ್ಯಾಂಕಿನ ಮ್ಯಾನೇಜರು ಬಡ್ಡಿಯ ಲೆಕ್ಕ ಹೇಳಿದರೂ "ಆಮೇಲೆ?" ಹಾಗೆ ಕೇಳಿದ್ದನ್ನು ತಿಂಗಳು ಕಳೆದರೂ ಮರೆಯುತ್ತಿರಲಿಲ್ಲ. ನನಗೆ ಅದು ಬುದ್ಧಿ ಮಂದ ಇರುವವರ ಅಭ್ಯಾಸದ ಹಾಗೆ ಕಾಣುತ್ತಿತ್ತು.

ನಮ್ಮ ಕಡೆಯ ಪ್ಲಾಂಟರುಗಳ ಹೊಟ್ಟೆಕಿಚ್ಚು ಏನೆಂದು ತಿಳಿಯಬೇಕಾದರೆ ಮಾರ್ಚ್ ತಿಂಗಳಲ್ಲಿ ಬರಬೇಕು. ಕಾಫಿ ಹೂ ಅರಳಲು ಆಗ ಒಂದು ಒಳ್ಳೆಯ ಮಳೆ ಬೇಕು. ಮಳೆ ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. ಮಲ್ಲಂದೂರಿಗೆ ಬಿದ್ದದ್ದು ಪಕ್ಕದ ಗುಡ್ಡಕ್ಕೆ ಬೀಳುವುದಿಲ್ಲ. ಹಾಗಾಗಿ ಬೆಳಗಾದರೆ ಎಲ್ಲರದೂ ಒಂದೇ ಪ್ರಶ್ನೆ: "ನಿಮಗೆ ಎಷ್ಟು ಸೆಂಟು?" ನೂರು ಸೆಂಟು ಸೇರಿದರೆ ಒಂದಿಂಚು. ಈ ಸುದ್ದಿಗೆಂದೇ ನಾವು ವಾಟ್ಸಾಪಿನಲ್ಲಿ ಒಂದು ಮಳೆ ಗ್ರೂಪು ಮಾಡಿಕೊಂಡಿದ್ದೆವು. ಎಲ್ಲರೂ ಒಂದಿಷ್ಟು ಸೇರಿಸಿಯೇ ಹೇಳುತ್ತಿದ್ದರು, ನಾನೂ ಸಹ. ಲಚ್ಚಣ್ಣ ಒಬ್ಬ ಕಡಿಮೆ ಮಾಡಿ ಹೇಳುತ್ತಿದ್ದ.

"ನಿನಗೆ ತೊಂಬತ್ತು ಬಿದ್ದಿದೆ ಅಂತ ನಿನ್ನ ತೋಟದ ಲೆಕ್ಕ ಬರೆಯೋ ರೈಟರೇ ಹೇಳಿದ. ಅರವತ್ತು ಅಂತ ಹಾಕಿದ್ದೀಯಲ್ಲ?" ಎಂದು ಒಮ್ಮೆ ಕೇಳಿದೆ.

"ಪಕ್ಕದ ತೋಟಕ್ಕೆ ಹನಿ ಬಿದ್ದಿಲ್ಲ ಮಾರಾಯ. ಅವ್ರ ಹೊಟ್ಟೆ ಯಾಕೆ ಉರಿಸೋದು?"

ನಮ್ಮ ಮನೆಯ ಮಳೆ ಅಳೆಯುತ್ತಿದ್ದದ್ದು ನಾನಲ್ಲ, ನಮ್ಮ ಮನೆಯವಳು. ಬೆಳಿಗ್ಗೆ ಎದ್ದು ಅಂಗಳದ ಅಳತೆ ಕೊಳವೆಯಲ್ಲಿ ನಿಂತ ನೀರು ನೋಡಿ, ಗ್ರೂಪಿಗೆ ಹಾಕುತ್ತಿದ್ದವಳು ಅವಳೇ. ಸರಿಯಾಗಿ ಹಾಕುತ್ತಿದ್ದಳು. ನಾನು ಎದುರಿಗೆ ಸಿಕ್ಕವರಿಗೆ ಬಾಯಲ್ಲಿ ಜಾಸ್ತಿ ಹೇಳಿ ಎಷ್ಟೋ ಸಲ ಸಿಕ್ಕಿಬಿದ್ದಿದ್ದೇನೆ.

ಒಂದು ಜನವರಿಯಲ್ಲಿ, ಮಳೆಯ ಸುದ್ದಿಯೇ ಇಲ್ಲದ ಕಾಲದಲ್ಲಿ, ಅವಳು ಆ ಗ್ರೂಪಿಗೆ ಒಂದು ಚಿತ್ರ ಹಾಕಿದಳು. ಕಪ್ಪು ಬಿಳುಪಿನ ಫೋಟೋ. ಮೆಟ್ಟಿಲಿನ ಕಟಕಟೆ, ಅದರ ಮೇಲೆ ಬಿಳಿ ಗ್ಲೌಸು ಹಾಕಿದ ಒಂದು ಕೈ. ಕೆಳಗೆ, "ಯಾವ ಪಿಕ್ಚರ್? ಹಳೇ ಹಾಲಿವುಡ್ಡಿನ ಹಾಡು ಕುಣಿತದ್ದು" ಎಂದು ಬರೆದಿದ್ದಳು. ಕೈತಪ್ಪಿ ಬಂದಿದೆ ಎಂದು ಕೆಲವರು ತಿಳಿದರು. ಆದರೆ ನಮ್ಮ ವಯಸ್ಸಿನವರಿಗೆ ಆ ಪಿಕ್ಚರುಗಳ ರುಚಿ ಗೊತ್ತು. ನಮ್ಮ ಪ್ಲಾಂಟರುಗಳ ಕ್ಲಬ್ಬಿಗೆ ಬಸ್ಸಿನಲ್ಲಿ ಫಿಲ್ಮಿನ ಡಬ್ಬ ಬರುತ್ತಿತ್ತು, ಗೋಡೆಗೆ ಬಿಳಿ ಪರದೆ ಕಟ್ಟಿ ತೋರಿಸುತ್ತಿದ್ದರು. ಮಾತು ಅರ್ಥವಾಗದಿದ್ದರೂ ಕುಣಿತ ಅರ್ಥವಾಗುತ್ತಿತ್ತು. ಒಬ್ಬ ಏನೋ ಉತ್ತರ ಹೇಳಿದ, ಇನ್ನೊಬ್ಬ ಅಲ್ಲ ಎಂದ, ಆಟ ಶುರುವಾಯಿತು.

ಆಮೇಲೆ ಪ್ರತಿ ಶನಿವಾರ ಸಂಜೆ ಒಂದು ಚಿತ್ರ. ಬರೀ ಚಿತ್ರ ನೋಡಿ ಹೇಳಿದರೆ ಒಂದಿಂಚು. ಅರ್ಧ ಗಂಟೆ ಬಿಟ್ಟು ಅವಳು ಒಂದು ಸುಳಿವು ಕೊಡುತ್ತಿದ್ದಳು, ಅದಾದ ಮೇಲೆ ಹೇಳಿದರೆ ಐವತ್ತು ಸೆಂಟು. ಎರಡನೇ ಸುಳಿವಿನ ಮೇಲೆ ಹತ್ತು. ಸುಳಿವೂ ಅವಳ ಹಾಗೆಯೇ, ಸಣ್ಣದು: "ನಾಯಕ ಬಡವನಲ್ಲ, ಬಡವನ ವೇಷ." "ಹುಡುಗಿ ಹಾಡುವುದಿಲ್ಲ, ಅಕ್ಕ ಹಾಡುತ್ತಾಳೆ." ಇಂಗ್ಲಿಷ್ ಹೆಸರು ಬಾಯಿಗೆ ಬಾರದವರಿಗಾಗಿ ನಮ್ಮದೇ ಹೆಸರುಗಳು ಹುಟ್ಟಿಕೊಂಡವು. ಟೋಪಿ ಅಂಗಡಿ, ಹಡಗಿನ ಅಳಿಯ, ರೈಲು ತಪ್ಪಿದವಳು. ಶನಿವಾರ ಕ್ಲಬ್ಬಿನ ಜಗಲಿಯಲ್ಲಿ ಕೂತು, ಲಚ್ಚಣ್ಣನೂ ಸೇರಿ, ನಾವು ಕೆಲವರು ಫೋನು ಕಾಯುತ್ತಿದ್ದೆವು. ಅವಳು ಮನೆಯಲ್ಲಿ ಕೂತು ಎಲ್ಲರನ್ನೂ ಆಡಿಸುತ್ತಿದ್ದಳು. ಆಟ ನಡೆದ ಆ ಎರಡು ಬೇಸಿಗೆ ಅವಳ ನಡಿಗೆಯೇ ಬೇರೆಯಾಗಿತ್ತು.

ಆ ಆಟ ಅವಳ ಅಪ್ಪನದು. ಅವರಿಗೆ ಚಿಕ್ಕಮಗಳೂರಿನಲ್ಲಿ ಬಟ್ಟೆ ಅಂಗಡಿ. ಭಾನುವಾರ ಬೆಳಗಿನ ಆಟಕ್ಕೆ ಇಂಗ್ಲಿಷ್ ಪಿಕ್ಚರ್ ಬಂದರೆ ಮಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಟಾಕೀಸಿನ ಗಾಜಿನ ಕಪಾಟಿನಲ್ಲಿ ಅಂಟಿಸಿದ್ದ ಫೋಟೋಗಳ ಕೆಳಗಿನ ಹೆಸರನ್ನು ಅಂಗೈಯಲ್ಲಿ ಮುಚ್ಚಿ, "ಹೇಳು ನೋಡೋಣ" ಎನ್ನುತ್ತಿದ್ದರಂತೆ. ನಾನು ಹೆಣ್ಣು ನೋಡಲು ಹೋದಾಗಲೂ ಅವರು ಅಂಥದೇ ಒಂದು ಹಳೇ ಫೋಟೋ ತಂದು, ಹೆಸರು ಮುಚ್ಚಿ ನನ್ನ ಮುಂದೆ ಹಿಡಿದರು. ನಾನು ತಡೆಯದೆ ಹೇಳಿಬಿಟ್ಟೆ. ಬಾಗಿಲ ಹಿಂದೆ ನಗು ಕೇಳಿಸಿತು. ನಿಜ ಹೇಳಬೇಕೆಂದರೆ ಅವರ ಬೆರಳ ಸಂದಿಯಲ್ಲಿ ಹೆಸರು ಕಾಣುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ಒಂದು ಗೆಲುವಿನ ಮೇಲೆ ಇಷ್ಟು ವರ್ಷ ಸಂಸಾರ ಮಾಡಿಕೊಂಡು ಬಂದಿದ್ದೆ.

ಹೀಗಿರುವಾಗ ಲಚ್ಚಣ್ಣ ಗೆಲ್ಲತೊಡಗಿದ.

ಒಂದು ಶನಿವಾರ ಮತ್ತೆ ಅಂಥದೇ ಗ್ಲೌಸಿನ ಕೈ ಬಂದಾಗ "ಟೋಪಿ ಅಂಗಡಿ" ಎಂದು ಒಂದಿಂಚು ಹೊಡೆದವನು ಅವನು. ಮೆಟ್ಟಿಲು, ಕೈ. ಅದರಲ್ಲಿ ಟೋಪಿ ಎಲ್ಲಿದೆ? ಇನ್ನೊಂದು ವಾರ ಬರೀ ಒಂದು ಬೆಂಚು, ಅದರ ಮೇಲೆ ಮಡಚಿಟ್ಟ ಕೋಟು. ಸುಳಿವಿಗೂ ಕಾಯದೆ "ರೈಲು ತಪ್ಪಿದವಳು" ಎಂದ. ಸರಿ! ನಾನು ಅದೇ ಪಿಕ್ಚರನ್ನು ಕ್ಲಬ್ಬಿನಲ್ಲಿ ಎರಡು ಸಲ ನೋಡಿದವನು. ನನಗೆ ಆ ಬೆಂಚು ನಮ್ಮ ಆಸ್ಪತ್ರೆಯ ಬೆಂಚಿನ ಹಾಗೆ ಕಂಡಿತ್ತು. ಜಗಲಿಯಲ್ಲಿ ಕೂತವರು, "ಏನು ರುದ್ರಣ್ಣ, ಚಿತ್ರ ಹಾಕುವವರು ನಿಮ್ಮನೇಲಿ, ಮಳೆ ಮಾತ್ರ ಕಳಸಕ್ಕೆ!" ಎಂದು ನಕ್ಕರು. ನಾನೂ ನಕ್ಕೆ. ಮನೆಗೆ ಬರುವ ದಾರಿಯುದ್ದಕ್ಕೂ ಆ ನಗು ನನ್ನ ಜೊತೆಯಲ್ಲೇ ಬಂತು.

ಮನೆಯಲ್ಲಿ ಕೇಳಿದೆ, "ಲಚ್ಚಣ್ಣ ಅದು ಹೇಗೆ ಹೇಳ್ತಾನೆ?"

"ಅವರು ಗಮನ ಕೊಡ್ತಾರೆ" ಎಂದಳು.

ಆ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚಿತು. ಯಾವುದಕ್ಕೆ ಗಮನ ಎಂದು ಕೇಳಲಿಲ್ಲ. ಕೇಳಿದ್ದರೆ ಈ ಬರಹವೇ ಬೇಕಾಗುತ್ತಿರಲಿಲ್ಲ. ಅದರ ಬದಲು ಗುರುವಾರಗಳನ್ನು ಕಾಯತೊಡಗಿದೆ. ಅವನು ಬಂದರೆ ನಾನು ಅಲ್ಲಾಡದೆ ಜಗಲಿಯಲ್ಲೇ ಪೇಪರು ಹಿಡಿದು ಕೂರುತ್ತಿದ್ದೆ. ಅವಳು ಕಾಫಿ ತಂದು, ಎದುರಿನ ಸ್ಟೂಲಿನ ಮೇಲೆ ಕೂತು, ಏನೇನೋ ಹೇಳುತ್ತಿದ್ದಳು. ಅವನು "ಆಮೇಲೆ?" ಎನ್ನುತ್ತಿದ್ದ. ನಾನು ಪೇಪರಿನ ಹಿಂದಿನಿಂದ ಅವರ ಕಣ್ಣುಗಳನ್ನು ಮಾತ್ರ ನೋಡುತ್ತಿದ್ದೆ. ಗುಟ್ಟಿನ ಸನ್ನೆ ಯಾವುದೂ ಸಿಗಲಿಲ್ಲ. ಒಂದು ದಿನ ಅವಳು ಸ್ನಾನಕ್ಕೆ ಹೋದಾಗ ಅವಳ ಫೋನು ತೆಗೆದು ನೋಡಿದೆ. ಲಚ್ಚಣ್ಣನಿಗೆ ಕಳಿಸಿದ ಒಂದು ಸಾಲೂ ಇರಲಿಲ್ಲ. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹಾಗಾದರೆ ಬಾಯಲ್ಲೇ ಹೇಳುತ್ತಿರಬೇಕು ಎಂದುಕೊಂಡೆ. ಹೊಟ್ಟೆಕಿಚ್ಚಿಗೆ ಬಿದ್ದವನಿಗೆ ಸಾಕ್ಷಿ ಇಲ್ಲದಿರುವುದೂ ಒಂದು ಸಾಕ್ಷಿಯೇ.

ಕೊನೆಗೆ ಒಂದು ಶುಕ್ರವಾರ, ಅವನು ಬಂದು ಹೋದ ಮಾರನೇ ದಿನ, ಒಂದು ಬಲೆ ಹಾಕಿದೆ. "ಈ ವಾರ ಚಿತ್ರ ನಾನು ಆರಿಸ್ತೀನಿ, ನಿನ್ನ ಫೋನಿಂದಲೇ ಹಾಕು. ಯಾರಿಗೂ ಹೇಳಬೇಡ" ಎಂದೆ. ಅವಳಿಗೆ ಎಷ್ಟು ಸಂತೋಷವಾಯಿತು! "ನೀವು ಆರಿಸ್ತೀರಾ? ನಿಜವಾಗ್ಲೂ?" ಎಂದು ಪಕ್ಕಕ್ಕೆ ಬಂದು ಕೂತಳು. ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ಮುಖ ಕತ್ತರಿಸುವುದು ಹೇಗೆಂದು ತೋರಿಸಿಕೊಟ್ಟಳು. ನಾನು ಹಡಗಿನ ಅಳಿಯ ಪಿಕ್ಚರಿನ ಒಂದು ಸ್ಟಿಲ್ ಆರಿಸಿದೆ. ಹಗ್ಗ, ಬಕೀಟು, ಒಬ್ಬನ ಬೂಟು. ಬೇರೆ ಯಾರಾದರೂ ಸುಲಭವಾಗಿ ಹೇಳಬಹುದಿತ್ತು.

ಶನಿವಾರ ಕ್ಲಬ್ಬಿನ ಜಗಲಿಯಲ್ಲಿ ಲಚ್ಚಣ್ಣ ಕನ್ನಡಕ ತೆಗೆದ, ಫೋನು ತಿರುಗಿಸಿದ, ಕತ್ತು ಓರೆ ಮಾಡಿದ. ಏನೂ ಹೊಳೆಯಲಿಲ್ಲ. ಮೊದಲ ಸುಳಿವಿಗೂ ಇಲ್ಲ, ಎರಡನೆಯದಕ್ಕೂ ಇಲ್ಲ. ಮಲ್ಲಂದೂರಿನವರೊಬ್ಬರು ಐವತ್ತು ಸೆಂಟು ತೆಗೆದುಕೊಂಡರು. "ಇವತ್ತು ನನಗೆ ಬರ ಮಾರಾಯ" ಎಂದು ಲಚ್ಚಣ್ಣ ನಕ್ಕ. ಅವಳು ಹಾಕಿದರೆ ಗೆಲ್ಲುತ್ತಾನೆ, ನಾನು ಹಾಕಿದರೆ ಸೋಲುತ್ತಾನೆ. ಇನ್ನೇನು ಬೇಕು?

ಅಲ್ಲೇ, ಅವನ ಪಕ್ಕದಲ್ಲಿ ಕೂತೇ, ಗ್ರೂಪಿಗೆ ಬರೆದೆ: "ಇವತ್ತಿನ ಚಿತ್ರ ನಾನು ಆರಿಸಿದ್ದು. ಅದಕ್ಕೇ ಕೆಲವರಿಗೆ ಉತ್ತರ ಗೊತ್ತಾಗಲಿಲ್ಲ. ಪ್ರಶ್ನೆಪತ್ರಿಕೆ ಒಬ್ಬರಿಗೆ ಮೊದಲೇ ಸಿಗುವ ಪರೀಕ್ಷೆಗೆ ಉಳಿದವರು ಯಾಕೆ ಕೂರಬೇಕು?"

ಲಚ್ಚಣ್ಣ ಓದಿದ. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ಓದಿದ. ನನ್ನ ಕಡೆ ತಿರುಗಿ, ಬಹಳ ಮೆಲ್ಲಗೆ, "ಅತ್ತಿಗೆ ಇದನ್ನ ಓದ್ತಾರಲ್ಲ ಮಾರಾಯ" ಎಂದ. ಟೋಪಿ ಸರಿಮಾಡಿಕೊಂಡು ಎದ್ದು ಜೀಪಿನ ಕಡೆ ಹೋದ. ಆಮೇಲೆ ಅವನು ನಮ್ಮ ಮನೆಗೆ ಕಾಲಿಡಲಿಲ್ಲ.

ಒಂದು ಸಣ್ಣ ಊರಿನಲ್ಲಿ ಆ ಎರಡು ಸಾಲು ಎಲ್ಲೆಲ್ಲಿಗೆ ಹೋಗುತ್ತವೆ ಎಂದು ಬರೆದ ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ಮುಂದಿನ ವಾರ ಮೂಡಿಗೆರೆಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಒಬ್ಬ ಹೆಂಗಸು ಎಲ್ಲರಿಗೂ ಕೇಳುವ ಹಾಗೆ, "ಏನಕ್ಕಾ, ಈ ವಾರದ ಪತ್ರಿಕೆ ಕಳಸಕ್ಕೆ ತಲುಪಿತಾ?" ಎಂದಳಂತೆ. ನಮ್ಮ ಮನೆಯವಳು ಊಟ ಮುಗಿಸಿಯೇ ಎದ್ದಳು. ಮನೆಗೆ ಬಂದು, ಸೀರೆಯನ್ನೂ ಬದಲಿಸದೆ, ಅಂಗಳದಿಂದ ಮಳೆ ಅಳೆಯುವ ಗಾಜಿನ ಕೊಳವೆ ತಂದು ನನ್ನ ಮುಂದೆ ಮೇಜಿನ ಮೇಲೆ ಇಟ್ಟಳು.

"ಇನ್ನು ಮೇಲೆ ನೀವೇ ಅಳೀರಿ" ಎಂದಳು.

ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ಗ್ರೂಪಿನಿಂದ ಅವಳ ಹೆಸರು ಹೊರಗೆ ಹೋಯಿತು. ಶನಿವಾರದ ಚಿತ್ರ ನಿಂತಿತು. ಬೆಳಗಿನ ಕಾಫಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಅದರ ಜೊತೆ ಬರುತ್ತಿದ್ದ ಮಾತು ಬರುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಲಚ್ಚಣ್ಣನ ಕಾಯಿಲೆಯ ಸುದ್ದಿ ಬಂತು. ಹೋಗದೆ ಇರಲಾಗಲಿಲ್ಲ. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಟೋಪಿ ಅದೇ. ಅದರೊಳಗಿನ ತಲೆ ಸಣ್ಣದಾಗಿತ್ತು.

"ಬಂದ್ಯಾ ರುದ್ರಣ್ಣ. ಕೂತ್ಕೊ. ಮೊನ್ನೆ ನಿಮಗೆ ಎಷ್ಟು ಸೆಂಟು?"

"ನಲವತ್ತು."

"ಹಂಗಾದ್ರೆ ಮೂವತ್ತು ಅಂತ ಇಟ್ಕೊಳ್ಳಾಣ."

"ಇಲ್ಲ ಮಾರಾಯ, ಸರಿಯಾಗೇ ನಲವತ್ತು. ಈಗ ನಾನೇ ಅಳೆಯೋದು."

"ಅರೆ! ಮೈಗೆ ಹುಷಾರಿಲ್ಲದ್ದು ನನಗೋ ನಿನಗೋ?"

ಇಬ್ಬರೂ ನಕ್ಕೆವು. ನಗು ಮುಗಿಯುವ ಮೊದಲೇ ಹೇಳದಿದ್ದರೆ ಆಗುವುದಿಲ್ಲ ಎನ್ನಿಸಿ, "ಅವತ್ತು ಗ್ರೂಪಲ್ಲಿ ನಾನು ಬರೆದದ್ದು ತಪ್ಪು ಲಚ್ಚಣ್ಣ" ಎಂದೆ.

ಅವನು ಗಲ್ಲ ಎತ್ತಿದ. "ಆಮೇಲೆ?"

ನಾನು ಬಲೆ ಹಾಕಿದ್ದು ಹೇಳಿದೆ. "ಆಮೇಲೆ?" ಫೋನು ಕದ್ದು ನೋಡಿದ್ದು ಹೇಳಿದೆ. "ಆಮೇಲೆ?" ಗುರುವಾರ ಪೇಪರಿನ ಹಿಂದೆ ಕೂತು ಕಾದದ್ದು ಹೇಳಿದೆ. ಹೇಳಲು ಇನ್ನೇನೂ ಉಳಿಯದ ತನಕ ಅವನು ಬಿಡಲಿಲ್ಲ. ಆಮೇಲೆ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

"ಬರೀ ಕೈ ನೋಡಿ ಪಿಕ್ಚರ್ ಹೇಳೋಕೆ ನಾನೇನು ದೇವ್ರಾ? ಕುದುರೆಮುಖದ ಟೌನ್‌ಶಿಪ್ಪಲ್ಲಿ ಆ ಪಿಕ್ಚರೆಲ್ಲ ನೋಡಿದ್ದೆ, ಅಷ್ಟೇ. ಫೋನು ತಿರುಗಿಸಿದ್ದು, ಕತ್ತು ತಿರುಗಿಸಿದ್ದು ಎಲ್ಲ ನಾಟಕ. ಉತ್ತರ ನನಗೆ ಗುರುವಾರನೇ ಸಿಕ್ಕಿರ್ತಿತ್ತು."

ನಾನು ಅವನ ಕಡೆ ತಿರುಗಿದೆ. "ಅಂದರೆ ಅವಳು ಹೇಳ್ತಿದ್ದಳಾ?"

"ಹೇಳ್ತಿದ್ರು. ನಿನ್ನ ಮುಂದೆನೇ. ಅವರ ಅಪ್ಪನ ಅಂಗಡೀಲಿ ಯಾರೋ ಹತ್ತಾರು ಟೋಪಿ ಹಾಕಿ ನೋಡಿ ಒಂದೂ ತಗೊಳ್ಳದೆ ಹೋದ ಅಂತ ಹೇಳಿ ನಕ್ಕಿದ್ರಲ್ಲ, ನೆನಪಿದೆಯಾ? ಆ ಶನಿವಾರ ಟೋಪಿ ಅಂಗಡಿ. ತಂಗಿ ಬಸ್ಸು ತಪ್ಪಿಸ್ಕೊಂಡು ಹಬ್ಬಕ್ಕೆ ಬರ್ಲಿಲ್ಲ ಅಂತ ಬೇಜಾರು ಮಾಡ್ಕೊಂಡಿದ್ರು. ಆ ಶನಿವಾರ ರೈಲು ತಪ್ಪಿದವಳು. ಆ ವಾರ ಮನಸ್ಸಲ್ಲಿ ಏನಿರ್ತಿತ್ತೋ ಅದನ್ನೇ ಹಾಕ್ತಿದ್ರು. ಮೊದಲು ಅವರಿಗೇ ಗೊತ್ತಿರ್ಲಿಲ್ಲ. ಆಮೇಲೆ ಗೊತ್ತಾಗಿರ್ಬೇಕು. ನಿನ್ನ ಕಡೆ ನೋಡ್ಕೊಂಡೇ ಹೇಳ್ತಿದ್ರು. ನೀನು ಪೇಪರ್ ಇಳಿಸ್ಲೇ ಇಲ್ಲ."

ನಾನು ಕಣದಲ್ಲಿ ಹರಡಿದ್ದ ಕಾಫಿ ನೋಡುತ್ತಾ ಕೂತೆ. ಆ ಟೋಪಿಯ ಕಥೆ ನನಗೆ ನೆನಪಿಗೇ ಬರಲಿಲ್ಲ. ಒಂದು ಅಕ್ಷರವೂ.

"ನನ್ನ ಚಿತ್ರಕ್ಕೆ ಯಾಕೆ ಸೋತೆ ಹಾಗಾದರೆ?" ಎಂದು ಕೇಳಿದೆ.

"ಆ ವಾರ ನೀನು ಮಾತಾಡಿದ್ದು ಗೊಬ್ಬರದ ರೇಟು ಒಂದೇ. ಗೊಬ್ಬರದ ಮೇಲೆ ಯಾವ ಹಾಡು ಕುಣಿತದ ಪಿಕ್ಚರ್ ಇದೆ ಮಾರಾಯ?"

ನಕ್ಕು ನಕ್ಕು ಅವನಿಗೆ ಕೆಮ್ಮು ಬಂತು. ನೀರು ಕುಡಿಸಿದೆ. ಕೆಮ್ಮು ನಿಂತ ಮೇಲೆ, "ಅತ್ತಿಗೆ ಹತ್ರ ಹೇಳಿದ್ಯಾ ಇದನ್ನ?" ಎಂದ.

"ಇಲ್ಲ."

"ನನ್ನ ಹತ್ರ ಹೇಳಿದ್ದು ಹತ್ತು ಸೆಂಟಿನ ಮಳೆ ಕಣೋ. ಧೂಳು ಕೂತಿತು. ಹೂವಿಗೆ ಸಾಲ್ದು."

ಹೊರಡುವಾಗ ಜೀಪಿನ ತನಕ ಬರುತ್ತೇನೆ ಎಂದು ಎದ್ದ, ಆಗಲಿಲ್ಲ, ಕೂತ. ಅವನನ್ನು ನಾನು ನೋಡಿದ್ದು ಅದೇ ಕೊನೆ. ಮುಂದಿನ ಹೂಮಳೆಗೆ ಅವನಿರಲಿಲ್ಲ. ಗ್ರೂಪಿನಲ್ಲಿ ಈಗಲೂ ಎಲ್ಲರೂ ತಮ್ಮ ತಮ್ಮ ಸೆಂಟು ಹಾಕುತ್ತಾರೆ, ಸ್ವಲ್ಪ ಸೇರಿಸಿ. ಕಡಿಮೆ ಹೇಳುವವರು ಯಾರೂ ಇಲ್ಲ.

ಅವತ್ತು ಕಳಸದಿಂದ ಮನೆಗೆ ಬಂದಾಗ ಅವಳು ಬಾಗಿಲಲ್ಲೇ ನಿಂತು, "ಹೇಗಿದ್ದಾರೆ?" ಎಂದು ಕೇಳಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಾಯಿಗೆ ಬರಲಿಲ್ಲ. "ಪರವಾಗಿಲ್ಲ" ಎಂದು ಚಪ್ಪಲಿ ಬಿಟ್ಟೆ. ಅದಾದ ಮೇಲೆ ಎಷ್ಟೋ ಸಲ ಬಾಯಿ ತೆರೆದೆ. ಪ್ರತಿ ಸಲವೂ ಹಾಲಿನ ಲೆಕ್ಕವೋ ಆಳುಗಳ ಊಟವೋ ಅಡ್ಡ ಬಂತು, ಅಥವಾ ನಾನೇ ತಂದು ಅಡ್ಡ ಹಾಕಿದೆ.

ಹೋದ ಶನಿವಾರ ಸಂಜೆ ಜಗಲಿಯಲ್ಲಿ ಅವಳು ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ನನ್ನ ಕೈಯಲ್ಲಿ ಪೇಪರಿರಲಿಲ್ಲ. ಯಾರಿಗೂ ಅಲ್ಲದ ಹಾಗೆ ಅವಳು ಹೇಳಿದಳು:

"ನಮ್ಮಪ್ಪ ಹೆಸರು ಮುಚ್ಚೋ ಹಾಗೆ ಮುಚ್ತಿದ್ರು ಅಷ್ಟೆ. ಬೆರಳ ಸಂದಿ ಬೇಕಂತಲೇ ಬಿಡ್ತಿದ್ರು. ತಮಗೆ ಇಷ್ಟ ಆದವರು ಗೆಲ್ಲಲಿ ಅಂತ."

ಇಷ್ಟು ವರ್ಷ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವತ್ತು ಬಾಗಿಲ ಹಿಂದೆ ನಕ್ಕಿದ್ದಳು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಆಮೇಲೆ?"

ಅವಳ ಕೈ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಳು. ಅದು ಯಾರ ಮಾತೆಂದು ಅವಳಿಗೆ ತಿಳಿಯಿತು. "ಆಮೇಲೆ ಎಂಥದೂ ಇಲ್ಲ" ಎಂದು ಮತ್ತೆ ಕಾಯಿಗೆ ಕೈ ಹಾಕಿದಳು. ಆದರೆ ಎದ್ದು ಒಳಗೆ ಹೋಗಲಿಲ್ಲ.

ಇಲ್ಲಿಯ ತನಕ ನಮ್ಮ ಮನೆಯವಳು ಎಂದೇ ಬರೆದುಕೊಂಡು ಬಂದೆ. ನಮ್ಮ ಕಡೆ ಗಂಡಸರು ಹಾಗೇ ಹೇಳುವುದು. ಮದುವೆಯಾದ ಮೇಲೆ ನಾನು ಹೆಸರು ಹಿಡಿದು ಕರೆದದ್ದಿಲ್ಲ. ಏ ಎಂದೆ, ಇವಳೇ ಎಂದೆ, ಕೇಳಿಸ್ತಾ ಎಂದೆ. ಲಚ್ಚಣ್ಣನ ಬಳಿ ಕೇಳಿದ ಕ್ಷಮೆ ಹತ್ತು ಸೆಂಟಿನದು. ಉಳಿದದ್ದನ್ನು ಯಾರ ಬಳಿ ಕೇಳಬೇಕೋ ಅವಳು ಈಗ ಒಳಗೆ ಅಡಿಗೆ ಮನೆಯಲ್ಲಿದ್ದಾಳೆ. ಅವಳ ಹೆಸರು ದಾಕ್ಷಾಯಿಣಿ.